ಸಹಾಯ ಬೇಕು: ಬಾಯೊಳಗೆ ಬಿಳಿ ಮಚ್ಚೆ, ಬಯಾಪ್ಸಿ (ಚೂರು ಕತ್ತರಿಸಿ ತೆಗೆದು ಪರೀಕ್ಷೆ) ಮಾಡಿಸ್ಕೊಂಡವರು ಯಾರಾದ್ರೂ ಇದೀರಾ?

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಊರು ದಾವಣಗೆರೆ ಹತ್ರ. ಹದಿನೆಂಟು ವರ್ಷದ ಗುಟ್ಕಾ ಚಟ. 2013ರಲ್ಲಿ ನಿಷೇಧ ಆದ್ಮೇಲೂ ಬಿಡಲಿಲ್ಲ. ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಡ್ತಾರೆ, ಬೆರೆಸ್ಕೊಳ್ಳೋದು ನಾವೇ.

ಎರಡು ತಿಂಗಳಿಂದ ಎಡಗೆನ್ನೆ ಒಳಗೆ ಬಿಳಿ ಮಚ್ಚೆ, ಉಜ್ಜಿದ್ರೂ ಹೋಗಲ್ಲ. ಸಾರು ಬಾಯಿಗಿಟ್ರೆ ಉರಿ. ಮೂರು ಬೆರಳು ಹೋಗ್ಬೇಕಾದ ಬಾಯಲ್ಲಿ ಈಗ ಎರಡೇ. ಹಲ್ಲಿನ ಡಾಕ್ಟರು "ಕ್ಯಾನ್ಸರ್ ಅಂತ ಹೇಳ್ತಿಲ್ಲ, ಆದ್ರೆ ಬಯಾಪ್ಸಿ ಮಾಡಿಸ್ಲೇಬೇಕು" ಅಂದ್ರು. ಅವತ್ತಿಂದ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ಟಾರ್ಚ್ ಹಾಕ್ಕೊಂಡು ಕನ್ನಡಿ ಮುಂದೆ ಬಾಯಿ ಕಳ್ಕೊಂಡು ನಿಲ್ತೀನಿ. ಹೆಂಡತಿಗೆ ಬರೀ ಬಾಯಿಹುಣ್ಣು ಅಂದಿದೀನಿ.

ಚೂರು ಕತ್ತರಿಸಿದ್ರೆ ರೋಗ ಹರಡುತ್ತೆ ಅಂತಾರಲ್ಲ, ಡಾಕ್ಟರು ಅದು ಸುಳ್ಳು ಅಂದ್ರು. ನಂಬಿದೀನಿ, ಆದ್ರೂ ಕೈಕಾಲು ನಡುಗುತ್ತೆ.

ಮಾಡಿಸ್ಕೊಂಡವರು ಹೇಳಿ, ನೋವು ಹೇಗಿರುತ್ತೆ, ಎಷ್ಟು ದಿನ ಊಟ ಕಷ್ಟ? ಬಿಪಿಎಲ್ ಕಾರ್ಡ್ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನೇರ ಹೋಗ್ಬಹುದಾ, ಇಲ್ಲ ಜಿಲ್ಲಾಸ್ಪತ್ರೆಯಿಂದ ರೆಫರಲ್ ಚೀಟಿ ತಗೊಂಡೇ ಹೋಗ್ಬೇಕಾ? ನಾಟಿ ಔಷಧಿ ವಿಳಾಸ ಮಾತ್ರ ದಯವಿಟ್ಟು ಕಳಿಸ್ಬೇಡಿ.