ಅಪ್‌ಡೇಟ್: ಅಡಿಕೆ ವಕಾರಿಯ ಬಿಲ್ ಪರದೆಯಲ್ಲಿ ಟ್ಯಾಬ್ ಕೀ ಸರಿಹೋಯಿತು

ಹೋದ ತಿಂಗಳು ಇಲ್ಲಿ ಕೇಳಿದ್ದೆ: ಶಿರಸಿಯ ನಮ್ಮ ವಕಾರಿಗೆ (ಅಡಿಕೆ ವ್ಯಾಪಾರದ ಮಳಿಗೆಗೆ) ಪೈಥಾನ್ ಭಾಷೆಯಲ್ಲಿ, ಪರದೆ ಕಟ್ಟುವ ಅದರ ಸಲಕರಣೆಯಾದ ಟಿಕೆಇಂಟರ್ ಬಳಸಿ ಬರೆದ ಬಿಲ್ ಪರದೆಯಲ್ಲಿ ಟ್ಯಾಬ್ ಒತ್ತಿದರೆ ಕರ್ಸರ್ ಎಲ್ಲೆಲ್ಲೋ ಹಾರುತ್ತದೆ, ಎಂಟರ್ ಒತ್ತಿದರೆ 'ಉಳಿಸು' ಬಟನ್ ಕೆಲಸ ಮಾಡುವುದಿಲ್ಲ, ಏನು ಮಾಡಲಿ? ಲೆಕ್ಕ ಬರೆಯುವ ಮಾವನಿಗೆ ಕೈ ನಡುಗುತ್ತದೆ, ಮೌಸ್ ಹಿಡಿಯಲಾರರು. ಹಾಗಾಗಿ ಇದು ನನಗೆ ಸಣ್ಣ ವಿಷಯವಾಗಿರಲಿಲ್ಲ.

ನೀವು ಹೇಳಿದ್ದೇ ನಿಜ. ಟಿಕೆಇಂಟರ್‌ನಲ್ಲಿ ಟ್ಯಾಬ್ ಸಾಗುವುದು ಪೆಟ್ಟಿಗೆಗಳು ಪರದೆಯಲ್ಲಿ ಕಾಣುವ ಕ್ರಮದಲ್ಲಲ್ಲ, ಕೋಡ್‌ನಲ್ಲಿ ಅವು ಹುಟ್ಟಿದ ಕ್ರಮದಲ್ಲಿ. ತೂಕದ ಪೆಟ್ಟಿಗೆಯನ್ನು ನಾನು ಕೊನೆಗೆ ಸೇರಿಸಿದ್ದೆ. ಅಡಿಕೆಯ ಬಗೆ ರಾಶಿಯೋ ಚಾಲಿಯೋ ಎಂದು ಆರಿಸಿದ ಮೇಲೆ ಕರ್ಸರ್ ದರಕ್ಕೆ, ಅಲ್ಲಿಂದ 'ಉಳಿಸು' ಬಟನ್‌ಗೆ ಹೋಗಿ, ತೂಕಕ್ಕೆ ಆಮೇಲೆ ಬರುತ್ತಿತ್ತು. ಆ ಸಾಲನ್ನು ಮೇಲಕ್ಕೆ ತಂದೆ, ಅಷ್ಟೇ.

ಬಟನ್ ಒತ್ತಲು ಟಿಕೆಇಂಟರ್‌ನಲ್ಲಿ ಮೊದಲಿನಿಂದ ಇರುವುದು ಸ್ಪೇಸ್ ಕೀ ಮಾತ್ರ. ವಿಂಡೋಸ್‌ನ ಸಂವಾದ ಪೆಟ್ಟಿಗೆಗಳಲ್ಲಿ ಎಂಟರ್ ರೂಢಿಯಾದವರಿಗೆ ಇದು ದೊಡ್ಡ ತೊಡಕು. ಒಂದೊಂದು ಬಟನ್‌ಗೂ ಬೇರೆ ಬೇರೆ ಕೋಡ್ ಬರೆಯದೆ, ಬಟನ್‌ಗಳ ಇಡೀ ವರ್ಗಕ್ಕೇ ಎಂಟರ್ ಅನ್ನು ಬೈಂಡ್ ಮಾಡಿದೆ, ಅಂದರೆ ಎಂಟರ್ ಒತ್ತಿದರೆ ಬಟನ್ ಒತ್ತಿದಂತಾಗಲಿ ಎಂದು ಜೋಡಿಸಿದೆ. ಈಗ ಎಲ್ಲ ಪರದೆಗಳಲ್ಲೂ ಒಂದೇ ನಡವಳಿಕೆ. ನನಗೆ ಬೇಕಾಗಿದ್ದದ್ದೂ ಅದೇ.

ಷರಾ ಬರೆಯುವ ದೊಡ್ಡ ಪೆಟ್ಟಿಗೆಯೊಂದು ಉಳಿದಿತ್ತು. ಅಲ್ಲಿ ಟ್ಯಾಬ್ ಒತ್ತಿದರೆ ಖಾಲಿ ಜಾಗ ಬೀಳುತ್ತದೆ, ಹೊರಬರಲು ಕಂಟ್ರೋಲ್-ಟ್ಯಾಬ್ ಬೇಕು. ಮಾವನಿಗೆ ಎರಡು ಕೀ ಒಟ್ಟಿಗೆ ಒತ್ತುವುದು ಕಷ್ಟ. ಆ ಪೆಟ್ಟಿಗೆಯ ಟ್ಯಾಬ್ ಅನ್ನೂ ಬದಲಿಸಿ, ಮುಂದಿನ ಪೆಟ್ಟಿಗೆಗೆ ಫೋಕಸ್ ಕೊಟ್ಟು (ಕರ್ಸರ್ ಅಲ್ಲಿಗೆ ಹೋಗಲಿ ಎಂದು), ಆ ಕೋಡ್‌ನ ಕೊನೆಗೆ 'ಬ್ರೇಕ್' ಎಂದು ಹಿಂತಿರುಗಿಸಿದೆ (ಟ್ಯಾಬ್‌ನ ಮೂಲ ಕೆಲಸ ನಡೆಯದಿರಲಿ ಎಂದು). ಅದನ್ನು ಮರೆತರೆ ಖಾಲಿ ಜಾಗವೂ ಬೀಳುತ್ತದೆ.

ನಿನ್ನೆ ಮಾವ ಮೌಸ್ ಮುಟ್ಟದೆ ಇಡೀ ದಿನದ ಬಿಲ್ ಮುಗಿಸಿದರು. ಎಲ್ಲರಿಗೂ ಮನಸಾರೆ ಧನ್ಯವಾದ.