ನಮ್ಮ ಎಂಪಿ ಯಾವ ಮಸೂದೆಗೆ ಹೌದು ಅಂದರು? ಹುಡುಕುವುದು ಎಲ್ಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನೀವು ದೆಹಲಿಯಲ್ಲಿ ಒಬ್ಬ ಸಂಸದರ ಕಚೇರಿಯಲ್ಲಿ ಪ್ರಶ್ನೆ, ಭಾಷಣ ಬರೆದುಕೊಡುವ ಕೆಲಸದಲ್ಲಿದ್ದಿರಿ ಅಂತ ಇಲ್ಲಿ ಯಾರೋ ಹೇಳಿದರು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಸಂಸದರು ಮಂತ್ರಿಯಲ್ಲ, ಟಿವಿಯಲ್ಲಿ ಕಾಣುವವರೂ ಅಲ್ಲ. ಹಿಂದಿನ ಸಾಲಿನವರು. ಸಂಸದರ ಕೆಲಸದ ಲೆಕ್ಕ ಇಡುವ ಪಿಆರ್‌ಎಸ್ ಜಾಲತಾಣದಲ್ಲಿ ನೋಡಿದರೆ ಹಾಜರಾತಿ ಶೇ 90ರ ಮೇಲಿದೆ, ಪ್ರಶ್ನೆಗಳು ಮುನ್ನೂರು ಚಿಲ್ಲರೆ, ಚರ್ಚೆ ಹದಿನಾಲ್ಕೋ ಹದಿನೈದೋ, ಖಾಸಗಿ ಮಸೂದೆ (ಮಂತ್ರಿಯಲ್ಲದ ಸಂಸದರು ತಾವೇ ತರುವ ಮಸೂದೆ) ಸೊನ್ನೆ. ಆದರೆ ಯಾವ ಮಸೂದೆಗೆ ಪರ, ಯಾವುದಕ್ಕೆ ವಿರುದ್ಧ ವೋಟು ಹಾಕಿದರು ಅನ್ನುವುದು ಎಲ್ಲೂ ಇಲ್ಲ. ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇನಾ?

ಉತ್ತರ: ಜಾಗ ಸರಿಯಾಗೇ ಇದೆ. ಹೆಚ್ಚಿನ ಮಸೂದೆಗಳಿಗೆ ಯಾರು ಏನಂದರು ಅಂತ ಯಾರೂ ಬರೆದುಕೊಂಡೇ ಇರುವುದಿಲ್ಲ, ಅದಕ್ಕೇ ಸಿಗುತ್ತಿಲ್ಲ.

ಮಸೂದೆಯ ಚರ್ಚೆ ಮುಗಿದ ಮೇಲೆ ಸ್ಪೀಕರ್, ಪರ ಇರುವವರು ಹೌದು ಅನ್ನಿ, ವಿರುದ್ಧ ಇರುವವರು ಇಲ್ಲ ಅನ್ನಿ ಎನ್ನುತ್ತಾರೆ. ಎರಡೂ ಕಡೆಯಿಂದ ಕೂಗು ಬರುತ್ತದೆ. ಯಾವುದು ಹೆಚ್ಚು ಅಂತ ಅವರಿಗೆ ಅನಿಸಿತೋ ಅದು ಗೆದ್ದಿತು. ಇದೇ ಧ್ವನಿಮತ. ಹೆಸರೂ ಇಲ್ಲ, ಲೆಕ್ಕವೂ ಇಲ್ಲ. 2020ರ ಸೆಪ್ಟೆಂಬರಿನ ಕೃಷಿ ಮಸೂದೆಗಳು ನೆನಪಿದೆ ಅಲ್ವಾ? ಅವು ಪಾಸಾದದ್ದು ಹೀಗೆ. ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತ ವಿಭಜನೆ, ಅಂದರೆ ಒಬ್ಬೊಬ್ಬರ ವೋಟನ್ನೂ ಎಣಿಸುವುದು, ಬೇಕು ಅಂತ ಪಟ್ಟು ಹಿಡಿದರು, ಸಿಗಲಿಲ್ಲ, ದೊಡ್ಡ ರಾದ್ಧಾಂತವೇ ಆಯಿತು. ರೈತರು ಸುಮಾರು ಒಂದು ವರ್ಷ ದೆಹಲಿಯ ಗಡಿಯಲ್ಲಿ ಕೂತ ಮೇಲೆ 2021ರ ನವೆಂಬರ್ 29ಕ್ಕೆ ಅದೇ ಕಾನೂನುಗಳನ್ನು ರದ್ದು ಮಾಡಿದರಲ್ಲ, ಅದೂ ಧ್ವನಿಮತದಲ್ಲೇ, ಚರ್ಚೆ ಕೂಡ ಇಲ್ಲದೆ. ಆ ಎರಡೂ ಸಲ ನಿಮ್ಮ ಸಂಸದರು ಹೌದು ಅಂದರೋ, ಸುಮ್ನೆ ಕೂತರೋ, ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದರೋ ಯಾವ ಕಡತದಲ್ಲೂ ಇಲ್ಲ.

ಹೆಸರು ಸಮೇತ ಸಿಗುವುದು ಮತ ವಿಭಜನೆ ಆದಾಗ ಮಾತ್ರ. ಸ್ಪೀಕರ್ ಹೇಳಿದ ಫಲಿತಾಂಶವನ್ನು ಯಾರಾದರೂ ಒಪ್ಪದೆ ವಿಭಜನೆ ಕೇಳಬೇಕು. ಆಗ ಲೋಕಸಭೆಯಲ್ಲಿ ಮೂರೂವರೆ ನಿಮಿಷ ಗಂಟೆ ಹೊಡೆಯುತ್ತದೆ. ಕಾರಿಡಾರಿನಲ್ಲಿದ್ದವರು, ಲೈಬ್ರರಿಯಲ್ಲಿದ್ದವರು ಎಲ್ಲ ಎದ್ದು ಓಡುತ್ತಾರೆ. ಗಂಟೆ ನಿಂತಿತು, ಲಾಬಿ ಬಾಗಿಲು ಹಾಕಿತು, ಆಮೇಲೆ ಬಂದವರು ಹೊರಗೇ. ಸಂವಿಧಾನ ತಿದ್ದುಪಡಿ ಮಸೂದೆಯಾದರೆ ಯಾರೂ ಕೇಳಬೇಕಿಲ್ಲ, ವಿಶೇಷ ಬಹುಮತವನ್ನು ಎಣಿಸಿಯೇ ತೋರಿಸಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಪರ, 2 ವಿರುದ್ಧ ಬಿತ್ತು. ಹೊಸ ಕಟ್ಟಡಕ್ಕೆ ಹೋದ ಹೊಸದು, ಗುಂಡಿ ಒತ್ತುವ ಬದಲು ಚೀಟಿ ಹಂಚಿ ವೋಟು ತೆಗೆದುಕೊಂಡರು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆಗೆ 288–232. ಇಂಥವನ್ನು ಹುಡುಕಿ. ಸಂಸತ್ತಿನ ಜಾಲತಾಣದಲ್ಲಿ ಆ ದಿನದ ನಡಾವಳಿಯ ಪೂರ್ಣ ಪಾಠ ತೆಗೆದು ವೋಟಿನ ಹೊತ್ತಿಗೆ ಬನ್ನಿ, ಪರ ಮತ್ತು ವಿರುದ್ಧ ಇದ್ದವರ ಹೆಸರುಗಳ ಪಟ್ಟಿ ಇರುತ್ತದೆ.

ಪ್ರಶ್ನೆ (ಅವರೇ): ಸರಿ, ಹಾಗಾದರೆ ಹೆಸರಿರುವ ವೋಟುಗಳನ್ನಷ್ಟೇ ಒಟ್ಟುಮಾಡಿ ಒಂದು ಎಕ್ಸೆಲ್ ಹಾಳೆ ಮಾಡಿದರೆ ಅವರ ನಿಲುವು ಗೊತ್ತಾಗುತ್ತದೆ ಅಲ್ಲವಾ?

ಉತ್ತರ: ಪಕ್ಷದ ನಿಲುವು ಗೊತ್ತಾಗುತ್ತದೆ. ಅದಕ್ಕೆ ಎಕ್ಸೆಲ್ ಬೇಕಿಲ್ಲ.

ನಾನಿದ್ದ ಕಚೇರಿಗೆ ದೊಡ್ಡ ಮಸೂದೆಯ ಹಿಂದಿನ ದಿನ ಪಕ್ಷದಿಂದ ಒಂದು ಹಾಳೆ ಬರುತ್ತಿತ್ತು, ಅದಕ್ಕೆ ವಿಪ್ ಅನ್ನುತ್ತಾರೆ. ನಾಲ್ಕೇ ಸಾಲು. ನಾಳೆ ಬೆಳಿಗ್ಗೆ 11ರಿಂದ ಸದನ ಮುಗಿಯುವವರೆಗೆ ತಪ್ಪದೆ ಹಾಜರಿದ್ದು ಪಕ್ಷದ ನಿಲುವನ್ನು ಬೆಂಬಲಿಸಿ. ಅದರ ಕೆಳಗೆ ಮೂರು ಗೆರೆ. ಒಂದು ಗೆರೆ ಅಂದರೆ ಮಾಹಿತಿಗೆ ಅಂತ, ಎರಡು ಅಂದರೆ ಬರಲೇಬೇಕು ಅಂತ, ಮೂರು ಅಂದರೆ ಬಂದು ಹೇಳಿದ ಹಾಗೆ ವೋಟು ಹಾಕಲೇಬೇಕು ಅಂತ. ಆ ಹಾಳೆ ಬಂದ ದಿನ ನಮ್ಮವರು ಮಸೂದೆಯ ಪ್ರತಿ ಕೂಡ ಕೇಳುತ್ತಿರಲಿಲ್ಲ. "ಓದಿ ಏನು ಮಾಡಲಿ ಹೇಳಮ್ಮ, ಗುಂಡಿ ಯಾವುದು ಅಂತ ಅವರೇ ಹೇಳಿದ್ದಾರಲ್ಲ" ಅಂತ ನಕ್ಕುಬಿಡುತ್ತಿದ್ದರು.

ಇದಕ್ಕೆ ಬೇರು 1985ರಲ್ಲಿ ಸಂವಿಧಾನಕ್ಕೆ ತಂದ 52ನೇ ತಿದ್ದುಪಡಿ, ಅಂದರೆ ಪಕ್ಷಾಂತರ ನಿಷೇಧ, ಹತ್ತನೇ ಅನುಸೂಚಿ. ಶಾಸಕರನ್ನು ಕೊಂಡುಕೊಳ್ಳುವ ಸಂತೆಯನ್ನು ನಿಲ್ಲಿಸಲು ಬಂದದ್ದು. ಆದರೆ ವಿಪ್ ಮೀರಿ ವೋಟು ಹಾಕಿದರೂ, ವೋಟು ಹಾಕದೆ ಉಳಿದರೂ, ಪಕ್ಷ ಹದಿನೈದು ದಿನದೊಳಗೆ ಕ್ಷಮಿಸದೆ ಹೋದರೆ ಸದಸ್ಯತ್ವಕ್ಕೇ ಕುತ್ತು. ಸರ್ಕಾರ ಉಳಿಯುತ್ತೋ ಬೀಳುತ್ತೋ ಅನ್ನುವ ವೋಟಿಗೂ ಯಾವುದೋ ಸಣ್ಣ ತಿದ್ದುಪಡಿಗೂ ಒಂದೇ ಶಿಕ್ಷೆ. ಸುಪ್ರೀಂ ಕೋರ್ಟ್ 1992ರಲ್ಲಿ ಇದನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ ಸೆನೆಟರ್ ಒಬ್ಬರ ವೋಟಿನ ದಾಖಲೆ ಓದಿದರೆ ಮನುಷ್ಯ ಏನು ಅಂತ ತಿಳಿಯುತ್ತದೆ. ಬ್ರಿಟನ್ನಿನಲ್ಲೂ ಹಿಂದಿನ ಬೆಂಚಿನವರು ತಮ್ಮ ಪಕ್ಷದ ವಿರುದ್ಧ ವೋಟು ಹಾಕಿ ಎಂಪಿಗಳಾಗೇ ಉಳಿಯುತ್ತಾರೆ. ನಮ್ಮಲ್ಲಿ ಆ ದಾಖಲೆ ಓದಿದರೆ ಪಕ್ಷದ ಚಿಹ್ನೆ ತಿಳಿಯುತ್ತದೆ, ಅಷ್ಟೇ. ನನ್ನ ಕೇಳಿದರೆ ಪಟ್ಟಿಯಲ್ಲಿ ಇರುವ ಹೆಸರಿಗಿಂತ ಇಲ್ಲದ ಹೆಸರು ಹೆಚ್ಚು ಮಾತಾಡುತ್ತದೆ. ಮೂರು ಗೆರೆಯ ದಿನವೂ ಒಬ್ಬರು ಬಂದಿಲ್ಲ ಅಂದರೆ ಒಂದೋ ಆಸ್ಪತ್ರೆ, ಇಲ್ಲವೇ ಏನೋ ಇದೆ.

ಇನ್ನೊಬ್ಬರು: ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಡೆಯ ಸಂಸದರು ಈಗ ಕೇಂದ್ರದಲ್ಲಿ ಮಂತ್ರಿ. ಅವರ ಹಾಜರಾತಿ ಜಾಗ ಖಾಲಿ ಇದೆ. ಒಂದು ದಿನವೂ ಹೋಗಿಲ್ಲ ಅಂತಲಾ?

ಉತ್ತರ: ಅಲ್ಲ. ಮಂತ್ರಿಗಳು ಹಾಜರಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದೂ ಇಲ್ಲ, ಉತ್ತರ ಕೊಡುವವರು ಅವರೇ ಅಲ್ವಾ. ಖಾಲಿ ಜಾಗ ನೋಡಿ ಬೈಯುವ ಪೋಸ್ಟುಗಳನ್ನು ದಯವಿಟ್ಟು ಹಂಚಬೇಡಿ.

ಹಾಜರಿ ಹಾಕುವವರ ಅಂಕಿಯನ್ನೂ ತುಂಬ ನಂಬಬೇಡಿ. ಹಾಜರಿ ಹಾಕಿದರೆ ಆ ದಿನದ ಭತ್ಯೆ ಸಿಗುತ್ತದೆ, ಈಗ 2,500 ರೂಪಾಯಿ. ಹಾಜರಿ ಹಾಕಿ ಎಷ್ಟು ಹೊತ್ತು ಕೂತರು ಅಂತ ಲೆಕ್ಕ ಇಡುವವರಿಲ್ಲ. ಹತ್ತು ನಿಮಿಷಕ್ಕೂ ಒಂದು ಹಾಜರಿ, ಎಂಟು ಗಂಟೆಗೂ ಒಂದೇ ಹಾಜರಿ.

ಪ್ರಶ್ನೆ (ಮೊದಲಿನವರು): ಹಾಗಾದರೆ ಮುನ್ನೂರು ಪ್ರಶ್ನೆ ಕೇಳಿದ್ದಾರಲ್ಲ, ಅದಾದರೂ ದೊಡ್ಡದಾ? ನೋಡಿದರೆ ಎಷ್ಟೋ ಪ್ರಶ್ನೆಗಳಲ್ಲಿ ಇವರ ಹೆಸರಿನ ಜೊತೆ ಇನ್ನೂ ಏಳೆಂಟು ಜನರ ಹೆಸರಿದೆ. ಕಾಪಿ ಹೊಡೆದಿದ್ದಾರಾ?

ಉತ್ತರ: ಈ ಪ್ರಶ್ನೆಗೇ ಕಾಯುತ್ತಿದ್ದೆ, ಇದು ನನ್ನ ಅನ್ನ.

ಮೊದಲು ಲೆಕ್ಕ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ್ದು. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ, ಮುಗಿಯಿತು. ಪ್ರಶ್ನೋತ್ತರ ಅವಧಿ ಒಂದೇ ಗಂಟೆ, ಬೆಳಿಗ್ಗೆ 11ರಿಂದ 12. ಇಪ್ಪತ್ತರಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಸಾಮಾನ್ಯವಾಗಿ ಐದಾರಕ್ಕೆ. ಗಲಾಟೆಯಾಗಿ ಸದನ ಮುಂದೂಡಿದರೆ ಅದೂ ಇಲ್ಲ. ಯಾರ ಪ್ರಶ್ನೆ ಮೊದಲು ಅನ್ನುವುದಕ್ಕೆ ಲಾಟರಿ ಎತ್ತುತ್ತಾರೆ. ನಿಮ್ಮ ಸಂಸದರ ಮುನ್ನೂರರಲ್ಲಿ ಬಹುಪಾಲು ಚುಕ್ಕೆ ಇಲ್ಲದ್ದೇ ಇರುತ್ತದೆ, ಎಲ್ಲರದ್ದೂ ಹಾಗೇ.

ಒಂದೇ ವಿಷಯವನ್ನು ಹತ್ತು ಜನ ಕೇಳಿದ್ದರೆ ಲೋಕಸಭೆಯ ಸಚಿವಾಲಯದವರೇ ಹೆಸರುಗಳನ್ನು ಒಟ್ಟು ಸೇರಿಸುತ್ತಾರೆ, ಅದು ತಪ್ಪಲ್ಲ. ಆದರೆ ಪದಕ್ಕೆ ಪದ ಒಂದೇ ಪ್ರಶ್ನೆ ಐದು ಕಚೇರಿಗಳಿಂದ ಹೋಗುವುದನ್ನೂ ನೋಡಿದ್ದೇನೆ. ಯಾರೋ ಒಬ್ಬ ಸಹಾಯಕ ಬರೆದದ್ದು ವಾಟ್ಸ್ಆ್ಯಪ್‌ನಲ್ಲಿ ಊರೆಲ್ಲ ಸುತ್ತುತ್ತದೆ. ಪ್ರಶ್ನೆಯ ಆಕಾರವೇ ಅಂಥದ್ದು: (ಅ) ಹೀಗಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಅದರ ವಿವರ, (ಇ) ಇಲ್ಲದಿದ್ದಲ್ಲಿ, ಕಾರಣವೇನು. ಈ ಅಚ್ಚಿಗೆ ಹಾಲು ಸುರಿದರೂ ಪ್ರಶ್ನೆ, ನೀರು ಸುರಿದರೂ ಪ್ರಶ್ನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅದನ್ನೇ ಮಾಡಿದೆ. ಒಂದು ಯೋಜನೆಗೆ ಎಷ್ಟು ಹಣ ಕೊಟ್ಟಿದ್ದೀರಿ ಅಂತ ಬರೆದೆ. ಉತ್ತರದಲ್ಲಿ ಯೋಜನೆಯ ಗುಣಗಾನ ಒಂದೂವರೆ ಪುಟ, ಕೊನೆಗೆ ಇಡೀ ದೇಶದ ಒಟ್ಟು ಮೊತ್ತ. ನಮ್ಮ ಜಿಲ್ಲೆಯ ಸುದ್ದಿಯೇ ಇಲ್ಲ. ಮುಂದಿನ ಅಧಿವೇಶನಕ್ಕೆ ತಿದ್ದಿ ಬರೆದೆ: ಜಿಲ್ಲಾವಾರು ಎಷ್ಟು, ವರ್ಷವಾರು ಎಷ್ಟು, ಬಿಡುಗಡೆ ಆದದ್ದೆಷ್ಟು, ಅದರಲ್ಲಿ ಖರ್ಚಾದದ್ದೆಷ್ಟು, ಉಳಿದದ್ದಕ್ಕೆ ಕಾರಣವೇನು. ಆಗ ಅನುಬಂಧ ಅಂತ ಒಂದು ಕೋಷ್ಟಕ ಬಂತು. ಅದರಲ್ಲಿ ನಮ್ಮ ಜಿಲ್ಲೆಯ ಸಾಲಿನಲ್ಲಿ ಖರ್ಚಿನ ಜಾಗದಲ್ಲಿ ಒಂದು ಅಡ್ಡಗೆರೆ. ಆ ಅಡ್ಡಗೆರೆ ಹಿಡಿದುಕೊಂಡು ನಮ್ಮವರು ಜಿಲ್ಲಾಧಿಕಾರಿ ಸಭೆಗೆ ಹೋದರು, ಆಮೇಲಿನದು ಬೇರೆ ಕತೆ. ಪಿಆರ್‌ಎಸ್ ಲೆಕ್ಕದಲ್ಲಿ ಮೊದಲನೆಯದೂ ಒಂದು ಪ್ರಶ್ನೆ, ಎರಡನೆಯದೂ ಒಂದು ಪ್ರಶ್ನೆ.

ಹಾಗಾಗಿ ಎಣಿಸಬೇಡಿ, ಓದಿ. ಮುನ್ನೂರನ್ನೂ ಓದಬೇಕಿಲ್ಲ, ವಿಷಯ ನೋಡಿ ನಲವತ್ತು ಆರಿಸಿಕೊಳ್ಳಿ. ಒಂದೇ ವಿಷಯಕ್ಕೆ ಎರಡನೇ ಸಲ, ಮೂರನೇ ಸಲ ಬಂದಿದ್ದಾರಾ? ಹಿಂದಿನ ಉತ್ತರವನ್ನು ಹಿಡಿದು ಕೇಳಿದ್ದಾರಾ? ಇಲ್ಲ, ಇವತ್ತು ಡ್ರೋನ್, ನಾಳೆ ಯೋಗ, ನಾಡಿದ್ದು ಬಂದರು ಅಂತ ಹಾರುತ್ತಿದ್ದಾರಾ? ನಮ್ಮ ಕ್ಷೇತ್ರಕ್ಕೂ ನಮ್ಮ ರಾಜ್ಯಕ್ಕೂ ಸಂಬಂಧವಿಲ್ಲದ ಯಾವುದೋ ಒಂದು ಉದ್ಯಮದ ಬಗ್ಗೆ ಪದೇ ಪದೇ ಪ್ರಶ್ನೆ ಇದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ ಎರಡೂ ಸದನ ಸೇರಿ 11 ಮಂದಿಯನ್ನು ಹೊರಹಾಕಿದ್ದರು.

ಮತ್ತೊಬ್ಬರು: ಇದೆಲ್ಲ ಸರಿ ಮೇಡಂ, ಖಾಸಗಿ ಮಸೂದೆ ಸೊನ್ನೆ ಅಂದರೆ ಸೋಮಾರಿ ಅಂತಲೇ ಅಲ್ವಾ? ಕಾನೂನು ಮಾಡೋಕೆ ತಾನೇ ಕಳಿಸಿದ್ದು.

ಉತ್ತರ: ಸ್ವಾತಂತ್ರ್ಯ ಬಂದಾಗಿನಿಂದ ಕಾನೂನಾದ ಖಾಸಗಿ ಸದಸ್ಯರ ಮಸೂದೆ 14. ಕೊನೆಯದು 1970ರಲ್ಲಿ. ಅವುಗಳಿಗೆ ಸಿಗುವುದು ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆ, ಆ ಹೊತ್ತಿಗೆ ಅರ್ಧ ಸದನ ಊರಿಗೆ ಹೊರಡಲು ವಿಮಾನ ನಿಲ್ದಾಣದಲ್ಲಿರುತ್ತದೆ. ಸೊನ್ನೆ ಇದ್ದರೆ ಬೈಯಬೇಡಿ, ಹತ್ತು ಇದ್ದರೂ ಹೊಗಳಬೇಡಿ. ಅಪರೂಪಕ್ಕೆ ಒಂದು ಕಿಡಿ ಹಾರುತ್ತದೆ ನಿಜ. ಡಿಎಂಕೆಯ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ 2015ರಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು. ಲೋಕಸಭೆ ದಾಟಲಿಲ್ಲ, ಆದರೆ ಸರ್ಕಾರ ತನ್ನದೇ ಮಸೂದೆ ತರಬೇಕಾಯಿತು.

ಹಿಂದಿನ ಬೆಂಚಿನಿಂದ ಏನು ಮಾಡಬಹುದು ಅಂದರೆ ನನಗೆ ನೆನಪಾಗುವುದು ಫಿರೋಜ್ ಗಾಂಧಿ. ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ ಬೇರೆ. ಹೊಸದಾಗಿ ಹುಟ್ಟಿದ್ದ ಎಲ್‌ಐಸಿ, ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಕಂಪನಿಗಳ ಷೇರಿಗೆ ಒಂದೂಕಾಲು ಕೋಟಿಯಷ್ಟು ಹಣ ಹಾಕಿದ್ದನ್ನು 1957ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಅಂಕಿ ಅಂಶ ಸಮೇತ ಬಿಚ್ಚಿಟ್ಟರು. ತನಿಖೆಗೆ ಛಾಗ್ಲಾ ಆಯೋಗ ಕೂತಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅವರ ಕಾಲದಲ್ಲಿ ಪಕ್ಷಾಂತರ ಕಾನೂನು ಇರಲಿಲ್ಲ ಅಂತ ನೀವು ಹೇಳಬಹುದು. ಆದರೆ ಅವರು ಮಾಡಿದ್ದು ವೋಟಲ್ಲ, ಮಾತು. ವಿಪ್ ಇವತ್ತಿಗೂ ವೋಟಿಗೆ ಇದೆ, ಪ್ರಶ್ನೆಗೆ ಇಲ್ಲ.

ಮತ್ತೊಬ್ಬರು: ನಮ್ಮ ಎಂಎಲ್‌ಎ ಲೆಕ್ಕ ಹೀಗೇ ಸಿಗುತ್ತದಾ?

ಉತ್ತರ: ಬೆವರು ಸುರಿಸಿದರೆ ಸಿಗುತ್ತದೆ. ಕರ್ನಾಟಕ ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರಗಳಿವೆ, ಕನ್ನಡದಲ್ಲೇ ಇವೆ, ಅದೊಂದು ಸುಖ. ವೋಟಿನ ಕತೆ ಇಲ್ಲೂ ಅದೇ, ಧ್ವನಿಮತ. ತಲೆ ಎಣಿಸುವುದು ವಿಶ್ವಾಸಮತದಂಥ ಸಂದರ್ಭದಲ್ಲಿ, 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತಲ್ಲ ಹಾಗೆ. ಅವತ್ತು ಬಾರದೇ ಉಳಿದವರೇ ಸುದ್ದಿ, ಮೇಲೆ ಹೇಳಿದೆನಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲಿ ನಮ್ಮಲ್ಲೇ ಕಾನೂನು ಮಾಡಿಕೊಂಡಿದ್ದಾರೆ. ಆ ಗೆರೆ ಮುಟ್ಟುವುದು ಅಪರೂಪ. ಎಂಎಲ್‌ಎ ಹಾಜರಾತಿ ನೋಡುವ ಮುಂಚೆ ಸದನ ಎಷ್ಟು ದಿನ ನಡೆಯಿತು ಅಂತ ನೋಡಿ.

ಪ್ರಶ್ನೆ (ಮೊದಲಿನವರು): ಮೇಡಂ, ನೀವು ಹೇಳಿದ ಹಾಗೆ ರಾತ್ರಿ ಕೂತು ಓದಿದೆ. ಮೂವತ್ತೆಂಟು ಪ್ರಶ್ನೆ ಆಯಿತು. ನಮ್ಮ ಜಿಲ್ಲೆಯ ಹೆಸರಿರುವುದು ಎರಡೇ. ಒಂದರ ಉತ್ತರ ಮೂರೇ ಸಾಲು, "ಮಾಹಿತಿ ಸಂಗ್ರಹಿಸಲಾಗುತ್ತಿದ್ದು, ಸದನದ ಮುಂದೆ ಇಡಲಾಗುವುದು" ಅಂತ. ಅಷ್ಟೇನಾ?

ಉತ್ತರ: ಅಷ್ಟೇ ಅಲ್ಲ, ನಿಮಗೆ ಸಿಕ್ಕಿದ್ದೇ ಅದು! ಹಾಗೆ ಬರೆದರೆ ಅದು ಸದನಕ್ಕೆ ಕೊಟ್ಟ ಭರವಸೆ. ಮೂರು ತಿಂಗಳಲ್ಲಿ ಪೂರೈಸಬೇಕು. ಇದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ, ಬಾಕಿ ಉಳಿದದ್ದರ ವರದಿ ಕೊಡುತ್ತದೆ. ಪ್ರಶ್ನೆಯ ಸಂಖ್ಯೆ, ತಾರೀಖು ಇಲ್ಲಿ ಹಾಕಿ. ಮಾಹಿತಿ ಬಂತಾ, ಬಾಕಿ ಇದೆಯಾ, ಇಲ್ಲ ಭರವಸೆಯನ್ನೇ ಕೈಬಿಡಿ ಅಂತ ಇಲಾಖೆ ಕೇಳಿಕೊಂಡಿದೆಯಾ ಅಂತ ನಾಳೆ ನೋಡಿ ಹೇಳುತ್ತೇನೆ. ಅಷ್ಟರಲ್ಲಿ ನಿಮ್ಮ ಸಂಸದರ ಕಚೇರಿಗೆ ಒಂದು ಫೋನ್ ಮಾಡಿ, ಈ ಉತ್ತರ ಬಂದ ಮೇಲೆ ಅವರು ಏನು ಮಾಡಿದರು ಅಂತ ಕೇಳಿ. ಫೋನ್ ಎತ್ತುವುದು ನನ್ನಂಥವಳೇ ಯಾರೋ ಇರುತ್ತಾಳೆ, ಪಾಪ, ಸ್ವಲ್ಪ ಮೆತ್ತಗೆ ಮಾತಾಡಿ.