ಅಣಕು ಭದ್ರತಾ ಮಂಡಳಿ: ಚೀನಾ ಕೈ ಎತ್ತದಿದ್ದರೆ ವಿಟೋ ಆಯಿತಾ?

ಕುಂಬಳೆ_ಮೇಷ್ಟ್ರು:
ಹೈಯರ್ ಸೆಕೆಂಡರಿ ಕನ್ನಡ ಮಕ್ಕಳಿಂದ ಅಣಕು ಭದ್ರತಾ ಮಂಡಳಿ ಮಾಡಿಸುವುದುಂಟು. 15 ಮಕ್ಕಳು, ಒಂದೂವರೆ ಗಂಟೆ. ಅಣಕು ಸಂಸತ್ತಿನ ನಿಯಮ ಗೊತ್ತು, ಇದರದ್ದು ಗೊಂದಲ. ರಿಹರ್ಸಲ್‌ನಲ್ಲಿ 10 ಮಂದಿ ಪರವಾಗಿ ಕೈ ಎತ್ತಿದರು, ಚೀನಾ ಯಾವುದಕ್ಕೂ ಎತ್ತಲಿಲ್ಲ. ಅದು ವಿಟೋನಾ, ಅಂದರೆ ಒಂದೇ ಕಾಯಂ ದೇಶ ನಿರ್ಣಯವನ್ನು ತಡೆದ ಹಾಗಾ? ಮತ್ತೆ, ಕಾಯಂ ಐದು ದೇಶಗಳೇ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಎಲ್ಲ ತೀರ್ಮಾನಿಸುವುದಾದರೆ ಉಳಿದ ಹತ್ತು ಮಕ್ಕಳಿಗೆ ಎಂತ ಕೆಲಸ?

ಪಯಸ್ವಿನಿ_ದಡ:
ವಿಟೋ ಅಲ್ಲ, ನಿರ್ಣಯ ಪಾಸ್. ಕಾಯಂ ಸದಸ್ಯ ವಿರುದ್ಧವಾಗಿ ಕೈ ಎತ್ತಿದರೆ ಮಾತ್ರ ವಿಟೋ. ವಿಶ್ವಸಂಸ್ಥೆಯ ಸನ್ನದಿನ 27ನೇ ವಿಧಿ ಕಾಯಂ ಸದಸ್ಯರ 'ಸಮ್ಮತಿಯ ಮತ' ಬೇಕು ಅಂತಲೇ ಹೇಳುತ್ತದೆ, ಅಕ್ಷರಶಃ ಓದಿದರೆ ನಿಮ್ಮ ಗೊಂದಲ ಸರಿಯೇ. ಆದರೆ ಸುಮ್ಮನಿದ್ದರೆ ತಡೆ ಅಲ್ಲ ಎಂಬ ರೂಢಿ ಮೊದಲಿನಿಂದಲೇ ಬೆಳೆದು ಬಂತು, 1971ರಲ್ಲಿ ನಮೀಬಿಯಾ ವಿಚಾರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಅದನ್ನು ಒಪ್ಪಿತು. 2011ರ ಲಿಬಿಯಾ ನಿರ್ಣಯ ನೋಡಿ: 10 ಪರ, ವಿರೋಧ ಸೊನ್ನೆ. ರಷ್ಯಾ, ಚೀನಾ, ಜರ್ಮನಿ, ಬ್ರೆಜಿಲ್, ಭಾರತ ದೂರ ಉಳಿದವು. ಪಾಸಾಯಿತು, ಬಾಂಬೂ ಬಿತ್ತು.

ಲೆಕ್ಕ ಎರಡು: ಕನಿಷ್ಠ 9 ಪರ ಮತ, ಕಾಯಂ ಐವರಲ್ಲಿ ಒಬ್ಬರದ್ದೂ ವಿರೋಧ ಇರಬಾರದು. ಮಕ್ಕಳಿಗೆ ಹತ್ತಿರದ ಉದಾಹರಣೆ ಬೇಕಾದರೆ ಗೋವಾ ಹಿಡಿಯಿರಿ, ರೈಲು ಹತ್ತಿದರೆ ಮಡಗಾಂವ್ ಸಿಗುವ ದೂರ. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಹಿಂದೆ ಸರಿಯಬೇಕೆಂಬ ಕರಡು ಬಂತು. ಆಗ ಮಂಡಳಿಯಲ್ಲಿ 11 ಮಂದಿ, ಬೇಕಾದದ್ದು 7 ಮತ. ಸರಿಯಾಗಿ 7 ಬಿತ್ತು. ಸಿಲೋನ್, ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯ (ಇಂದಿನ ಈಜಿಪ್ಟ್) ವಿರೋಧಿಸಿದವು, ಅದರಿಂದೇನೂ ಆಗುತ್ತಿರಲಿಲ್ಲ. ನಾಲ್ಕನೆಯ ವಿರೋಧ ಸೋವಿಯತ್ ಒಕ್ಕೂಟದ್ದು. ಕರಡು ಅಲ್ಲಿಗೇ ಸತ್ತಿತು.

ಒಂದು ವಿನಾಯಿತಿ ಉಂಟು: ಯಾವ ವಿಷಯ ಚರ್ಚೆಗೆ ತಗೊಳ್ಳಬೇಕು ಎಂಬಂಥ ಕಾರ್ಯವಿಧಾನದ ಮತಕ್ಕೆ ವಿಟೋ ಇಲ್ಲ. 2014ರಲ್ಲಿ ಉತ್ತರ ಕೊರಿಯಾ ವಿಷಯವನ್ನು ಚೀನಾ, ರಷ್ಯಾ ಎರಡೂ ವಿರೋಧಿಸಿದವು, 11 ಮತದಿಂದ ಅದು ಪಟ್ಟಿಗೆ ಸೇರಿತು.

ಉಪ್ಪಳ_42:
ಹತ್ತು ಮಕ್ಕಳ ಕೆಲಸ ಹೇಳುತ್ತೇನೆ, ನಿಜವಾದ ಆಟ ಅಲ್ಲೇ. ಕಾಯಂ ಐವರೂ ಪರವಾಗಿದ್ದರೂ ಇನ್ನೂ 4 ಮತ ಬೇಕು. ಹತ್ತರಲ್ಲಿ 7 ಮಂದಿ ಸುಮ್ಮನೆ ಕೂತರೆ ಸಾಕು, ನಿರ್ಣಯ ಬೀಳುತ್ತದೆ.

ವಿಟೋ ಹಾಕುವುದು ದೊಡ್ಡ ದೇಶಕ್ಕೂ ಮುಜುಗರ. ಅದಕ್ಕೇ 9 ಮತ ಸೇರದ ಹಾಗೆ ಮೊದಲೇ ನೋಡಿಕೊಳ್ಳುತ್ತದೆ. 2014ರ ಡಿಸೆಂಬರ್ 30ರಂದು ಪ್ಯಾಲೆಸ್ಟೀನ್ ಬಗ್ಗೆ ಜೋರ್ಡಾನ್ ತಂದ ಕರಡಿಗೆ 8 ಪರ, 2 ವಿರೋಧ, 5 ದೂರ. ಅಮೆರಿಕ ವಿರೋಧಿಸಿದ್ದರೂ ದಾಖಲೆಯಲ್ಲಿ ವಿಟೋ ಅಲ್ಲ, ಕರಡು ಬಿದ್ದದ್ದು ಒಂದು ಮತದ ಕೊರತೆಯಿಂದ. ಪರ ಬರಬಹುದೆಂದು ಎಣಿಸಿದ್ದ ನೈಜೀರಿಯಾ ಕೊನೆಗೆ ದೂರ ಉಳಿದಿತ್ತು. 2003ರಲ್ಲಿ ಇದರ ಉಲ್ಟಾ: ಇರಾಕ್ ಮೇಲಿನ ಎರಡನೇ ಕರಡನ್ನು ಅಮೆರಿಕ, ಬ್ರಿಟನ್, ಸ್ಪೇನ್ ಮತಕ್ಕೇ ಹಾಕಲಿಲ್ಲ. ಫ್ರಾನ್ಸ್ ವಿಟೋ ಹಾಕುತ್ತೇನೆಂದಿತ್ತು, 9 ಮತವೂ ಕೈಯಲ್ಲಿ ಇರಲಿಲ್ಲ.

ಆದ್ದರಿಂದ ಒಂದೂವರೆ ಗಂಟೆಯಲ್ಲಿ ಭಾಷಣಕ್ಕೆ 30 ನಿಮಿಷ ಸಾಕು, 40 ನಿಮಿಷ ಕುರ್ಚಿ ಬಿಟ್ಟು ಓಡಾಡಿ ಮಾತುಕತೆಗೆ ಕೊಡಿ. ಹತ್ತು ಮಕ್ಕಳಿಗೆ ಒಂದೊಂದು ಚೀಟಿ ಕೊಡಿ: ಸಾಲ ಬೇಕು, ಗೋಧಿ ಬೇಕು, ನೆರೆಯವನ ಭಯ ಉಂಟು, ಹೀಗೆ. ಕರಡಿನ ಪದಗಳ ಮೇಲೆ ಕಣ್ಣಿರಲಿ. 'ಕರೆ ಕೊಡುತ್ತದೆ' ಅಂದರೆ ಮೆದು ಮಾತು, 'ನಿರ್ಧರಿಸುತ್ತದೆ' ಅಂದರೆ ಪಾಲಿಸಲೇಬೇಕಾದದ್ದು. 'ಅಗತ್ಯವಾದ ಎಲ್ಲ ಕ್ರಮ' ಅಂದರೆ ಸೇನೆ ಬಳಸಲು ಅನುಮತಿ, ಲಿಬಿಯಾದಲ್ಲಿ ಬಂದದ್ದು ಅದೇ. ಅರ್ಧಕ್ಕರ್ಧ ವಿಟೋಗಳು ಈ ಒಂದು ಕ್ರಿಯಾಪದ ಬದಲಿಸಿದರೆ ತಪ್ಪುತ್ತವೆ ಅಂತ ನನ್ನ ಅಂದಾಜು, ತಪ್ಪೆಂದರೆ ಬೈಯಿರಿ.

ಕುಂಬಳೆ_ಮೇಷ್ಟ್ರು:
ಚೀಟಿ ಐಡಿಯಾ ಲಾಯ್ಕುಂಟು. ವಿಟೋ ಬಿದ್ದ ಮೇಲೆ ಎಲ್ಲ ಸದಸ್ಯ ದೇಶಗಳೂ ಕೂರುವ ಸಾಮಾನ್ಯ ಸಭೆಗೆ ಹೋಗಬಹುದಾ ಅಂತ ಒಬ್ಬಳು ಕೇಳಿದಳು.

ಪಯಸ್ವಿನಿ_ದಡ:
ಹೋಗಬಹುದು. ಸಾಮಾನ್ಯ ಸಭೆಯ 1950ರ 377ನೇ ನಿರ್ಣಯ ಅದಕ್ಕೇ ಇರುವುದು. ಆದರೆ ಅಲ್ಲಿ ಪಾಸಾದದ್ದು ಶಿಫಾರಸು ಮಾತ್ರ, ಯಾರನ್ನೂ ಕಟ್ಟಿಹಾಕುವುದಿಲ್ಲ. 1971ರ ಡಿಸೆಂಬರ್‌ನಲ್ಲಿ ಭಾರತ-ಪಾಕಿಸ್ತಾನ ಯುದ್ಧ ನಿಲ್ಲಿಸುವ ಕರಡುಗಳಿಗೆ ಮಂಡಳಿಯಲ್ಲಿ ಸೋವಿಯತ್ ವಿಟೋ ಬಿತ್ತು. ವಿಷಯ ಸಾಮಾನ್ಯ ಸಭೆಗೆ ಹೋಯಿತು, ಡಿಸೆಂಬರ್ 7ರಂದು 104 ಪರ, 11 ವಿರೋಧ. ಭಾರತ ನಿಲ್ಲಿಸಲಿಲ್ಲ, 16ಕ್ಕೆ ಢಾಕಾದಲ್ಲಿ ಶರಣಾಗತಿ. ಆ ಹುಡುಗಿಗೆ ಈ 104ರ ಲೆಕ್ಕ ಕೊಡಿ, ಅವಳೇ ಮುಂದಿನ ಪ್ರಶ್ನೆ ಕೇಳುತ್ತಾಳೆ.

ಉಪ್ಪಳ_42:
ಅಂದ ಹಾಗೆ ಅಧ್ಯಕ್ಷತೆ ತಿಂಗಳಿಗೊಬ್ಬರಿಗೆ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಕುರ್ಚಿಯನ್ನೂ ಹಾಗೇ ಜೋಡಿಸಿ. ಕನ್ನಡದ ಅಕಾರಾದಿಯಾಗಿ ಕೂರಿಸಿದರೆ ತೀರ್ಪುಗಾರರು ಮೊದಲು ಅದನ್ನೇ ಹಿಡಿಯುತ್ತಾರೆ.